ಮೂವತ್ನಾಲ್ಕು ತೆಗೆದು ಮೂವತ್ಮೂರು ಬರೆದ ಮಸರತ

ಶಹಾಪುರದ ಹಳೆಯ ಶಾಲೆಯೊಂದರ ದಾಖಲೆ ಕೋಣೆ ಬೆಳಗಿನ ಆರಕ್ಕೇ ತೆರೆಯುತ್ತದೆ. ಮಸರತ ಬೇಗಂ ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕುಳಿತು, ಕಡತಗಳ ಪಟ್ಟಿ ತೋರಿಸುವ ಎಲ್, ಎಸ್ ಎಂಬ ಎರಡಕ್ಷರ ಒತ್ತುತ್ತಾರೆ. ಸಾಲುಸಾಲಾಗಿ ಹೆಸರುಗಳು ಇಳಿಯುತ್ತವೆ: ಫೋಲ್ಡರುಗಳು ಹಳದಿ, ಉರ್ದು ರಜಿಸ್ಟರಿನ ಪುಟಗಳು ಹಸಿರು, ಕನ್ನಡದವು ಬಿಳಿ. ಎಂಟಕ್ಕೆ ಕರೆಂಟು ಹೋಗುವುದರೊಳಗೆ ಅರವತ್ತು ಪುಟ ಸ್ಕ್ಯಾನ್ ಆಗಬೇಕು.

ನಿಜಾಮರ ಕಾಲದ ಪ್ರವೇಶ ರಜಿಸ್ಟರುಗಳು ಇಲ್ಲಿವೆ. ತಮ್ಮ ಹುಟ್ಟಿದ ತಾರೀಖು, ಅಪ್ಪ–ಅಜ್ಜಂದಿರ ಹೆಸರು ಹುಡುಕಿಕೊಂಡು ಕೆಂಭಾವಿ, ಸೈದಾಪುರದಿಂದ ಜನ ಬರುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ, ಗಂಡ ತೀರಿಕೊಂಡ ವರ್ಷವೇ, ಉರ್ದು ಓದಬಲ್ಲವರೆಂದು ಮಸರತರನ್ನು ಕರೆದರು. ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ಗುಮಾಸ್ತ ದ್ಯಾವಪ್ಪ ತಮ್ಮ ಚಹಾದಲ್ಲಿ ಅರ್ಧ ಕೊಟ್ಟು, ಒಂದೊಂದೇ ಅಕ್ಷರ ಒತ್ತಿಸಿ ಕಲಿಸಿದರು.

ಕೆಲವು ವರ್ಷಗಳ ನಂತರ ಆ ದ್ಯಾವಪ್ಪನವರೇ ದಾಖಲೆ ಇಲ್ಲವೆಂದು ಜನರನ್ನು ವಾಪಸು ಕಳಿಸತೊಡಗಿದರು. ಪಿಂಚಣಿಗೆ ವಯಸ್ಸಿನ ದಾಖಲೆ ಬೇಕೆಂದು ಬಂದಿದ್ದ ಕೆಂಭಾವಿಯ ಇಮಾಮಬೀ ಬರಿಗೈಲಿ ಹೋದರು. ಮಧ್ಯಾಹ್ನ ಅವರ ಪುಟ ಅದೇ ಕಂಪ್ಯೂಟರಿನಲ್ಲಿ ಮಸರತರಿಗೆ ಸಿಕ್ಕಿತು. ನಿವೃತ್ತಿಗೆ ಮೂರು ವರ್ಷವಿರುವಾಗಲೇ ದ್ಯಾವಪ್ಪನವರನ್ನು ಕೆಲಸದಿಂದ ಬಿಡಿಸುವ ಮಾತು ಶಾಲೆಯ ಕಮಿಟಿಯಲ್ಲಿ ಎದ್ದಿತು.

ಮರುದಿನ ಮಸರತ ಬಾಗಿಲು ದೂಡಿದಾಗ ದ್ಯಾವಪ್ಪ ಪರದೆಗೆ ಹಣೆ ತಾಗಿಸಿ ಕೂತಿದ್ದರು. ಏನಾಯಿತೆಂದು ಕೇಳಿದರು.

“ಸಕ್ಕರಿ ರೋಗ ಕಣ್ಣಿಗಿ ಬಂದದವ್ವಾ. ಕರೀದರ ಮ್ಯಾಲ ನೀಲಿ ಕಾಣೂದಿಲ್ಲ. ಯಾರಿಗೂ ಹೇಳಬ್ಯಾಡ.”

ಫೋಲ್ಡರುಗಳ ಹೆಸರೆಲ್ಲ ಆಗ ಕಡುನೀಲಿ. ಮಸರತ ಯಾರಿಗೂ ಹೇಳಲಿಲ್ಲ. ತಾವು ಏಳನೇ ಇಯತ್ತೆತನಕ ಕಲಿತ ಇಂಗ್ಲಿಷಿನಲ್ಲೇ, ಮಗಳ ನಿಘಂಟು ಪಕ್ಕಕ್ಕಿಟ್ಟುಕೊಂಡು, ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ನ ಕೈಪಿಡಿಯ ಹಾಳೆಗಳನ್ನು ಹನ್ನೊಂದು ದಿನ ಓದಿದರು. ಪ್ರತಿ ಬಣ್ಣಕ್ಕೂ ಒಂದು ಅಂಕಿ ಇದೆಯೆಂದು ತಿಳಿಯಿತು: ಮೂವತ್ನಾಲ್ಕು ನೀಲಿ, ಮೂವತ್ಮೂರು ಹಳದಿ. ಸೆಟ್ಟಿಂಗಿನ ಕಡತದಲ್ಲಿ ಒಂದು ಸಾಲು ಬರೆದರೆ ಸಾಕು. ಮೊದಲ ಸಲ ಒಂದು ಚಿಹ್ನೆ ಬಿಟ್ಟುಹೋಗಿ ಇದ್ದ ಬಣ್ಣವೂ ಮಾಯವಾಗಿ, ಫೋಲ್ಡರು ಯಾವುದು, ಪುಟ ಯಾವುದು ತಿಳಿಯದಾಯಿತು. “ಇವರ ನೌಕರಿ ನಾನೇ ಕಳದೆ ಅನಸ್ತ್ರಿ,” ಎನ್ನುತ್ತಾರೆ. ಸಾಲನ್ನು ಕೈಪಿಡಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ ಮತ್ತೆ ಬರೆದರು; ಫೋಲ್ಡರುಗಳು ಹಳದಿಯಾದವು.

ಮರುದಿನ ಬೆಳಿಗ್ಗೆ ದ್ಯಾವಪ್ಪ ಎರಡಕ್ಷರ ಒತ್ತಿದರು. ಆಮೇಲೆ ಮೇಲಿಂದ ಕೆಳತನಕ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು. “ಎಲ್ಲಾ ಇಲ್ಲೇ ಅವಲ್ಲವ್ವಾ,” ಎಂದರು. ಅದೇ ವಾರ ಇಮಾಮಬೀಯ ಪುಟದ ನಕಲು ಹಿಡಿದು ತಾವೇ ಬಸ್ಸು ಹತ್ತಿ ಕೆಂಭಾವಿಗೆ ಹೋಗಿಬಂದರು. ಮೂರು ವರ್ಷ ಪೂರ್ತಿ ದುಡಿದು, ಹಾರ ಹಾಕಿಸಿಕೊಂಡೇ ಮನೆಗೆ ಹೋದರು.

ದ್ಯಾವಪ್ಪ ಈಗಿಲ್ಲ. ಹಳದಿ ಹೆಸರು ಇಳಿಯುವಾಗ ಅವರು ಓದಿದ ದನಿ ಈಗಲೂ ಕೇಳಿದಂತಾಗುತ್ತದೆ ಎಂದು ಮಸರತ ಮೆಲ್ಲಗೆ ಹೇಳುತ್ತಾರೆ. ಬರುವ ವರ್ಷ ಮಸರತರದೂ ನಿವೃತ್ತಿ. ಅವರ ಜಾಗಕ್ಕೆ ಬಂದವರು ಬಣ್ಣ ಬದಲಿಸಿದರೆ ಬೇಸರವಾಗದೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

“ಬದಲ ಮಾಡ್ಲಿ ಬಿಡ್ರಿ. ಅವರ ಕಣ್ಣಿಗಿ ಯಾವುದು ಕಾಣತದೋ ಅದು ಇರ್ಲಿ. ಹೆಂಗ ಮಾಡೂದು ಅಂತ ಕನ್ನಡದಾಗ, ಉರ್ದುದಾಗ ಬರದು ಗೋಡಿಗಿ ಹಚ್ಚೀನಿ. ಹನ್ನೊಂದು ದಿನ ಬೇಕಾಗೂದಿಲ್ರಿ ಅವರಿಗಿ.”