ಸಾಕ್ಷಿ ಸಹಿ

ಕತ್ತಿನಲ್ಲಿ ಸದಾ ಅಳತೆಯ ಟೇಪು ಜೋತಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಕೆಲಸ. ಎದುರು ನಿಂತ ಮಗು ಬರುವ ವರ್ಷ ಎಷ್ಟು ಬೆಳೆದೀತು ಎನ್ನುವುದನ್ನೂ ಕಣ್ಣಳತೆಯಲ್ಲೇ ಹೇಳಿಬಿಡುವ ಗಟ್ಟಿಗಿತ್ತಿ. ಅಂಥವಳಿಗೇ ಅಳತೆ ತೆಗೆಯದೆ ಟೋಪಿ ಹಾಕಿದವನು ಅವಳ ಸ್ವಂತ ಅಕ್ಕನ ಗಂಡ.

ಅದು ಗೊತ್ತಾದದ್ದು ಬ್ಯಾಂಕಿನಲ್ಲಿ. ಬಟ್ಟೆಯ ಅಂಚು ಹೊಲಿಯುವ ಹೊಸ ಓವರ್‌ಲಾಕ್ ಮೆಷಿನ್‌ಗೆಂದು ಸಾಲ ಕೇಳಲು ಹೋಗಿದ್ದಳು. ಅಧಿಕಾರಿ ಕಂಪ್ಯೂಟರ್ ನೋಡಿ ತುಟಿ ಕಚ್ಚಿದ.

"ನಿಮ್ಮ ಸಿಬಿಲ್ ಸ್ಕೋರು ಐನೂರ ಇಪ್ಪತ್ತೆಂಟಿದೆ ಅಮ್ಮ. ಇದಕ್ಕೆ ಒಂದು ಸೂಜಿಗೂ ಸಾಲ ಸಿಗಲ್ಲ."

"ಅಯ್ಯೋ, ನಾನು ಸಾಲಾನೇ ಮಾಡಿಲ್ಲವಲ್ಲ ಸರ್!"

"ನೀವು ಮಾಡಿಲ್ಲ, ನಿಮ್ಮ ಭಾವನಿಗೆ ಜಾಮೀನು ನಿಂತಿದೀರಿ. ಅವರು ಹದಿನಾಲ್ಕು ಕಂತು ಕಟ್ಟಿಲ್ಲ."

ಅವಳಿಗೆ ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ ನೆನಪಾಯಿತು. ಭಾವ ಫೈನಾನ್ಸ್ ಕಂಪನಿಯ ಕಾಗದ ಹಿಡಿದು ಬಂದಿದ್ದ. "ಸುಮ್ನೆ ಒಂದು ಸಾಕ್ಷಿ ಸಹಿ ಕಣಮ್ಮ. ಓದೋಕೇನಿದೆ ಅದ್ರಲ್ಲಿ, ಮನೆಯವ್ರೇ ಅಲ್ವಾ?" ಎಂದಿದ್ದ. ಇವಳು ಪೆಡಲಿನ ಮೇಲಿನ ಕಾಲನ್ನೂ ತೆಗೆಯದೆ ಅವನು ಬೆರಳಿಟ್ಟ ಕಡೆಯೆಲ್ಲ ಸಹಿ ಗೀಚಿದ್ದಳು. ಕಾಗದದಲ್ಲಿ ಇವಳ ವಿಳಾಸವೆಂದು ಅವನು ಬರೆಸಿದ್ದು ತನ್ನದೇ ಮನೆಯದು. ನೋಟಿಸುಗಳೆಲ್ಲ ಅಲ್ಲಿಗೇ ಹೋಗಿದ್ದವು. ಎಂಥ ಖದೀಮ!

ನೆಟ್ಟಗೆ ಅಕ್ಕನ ಮನೆಗೆ ಹೋದಳು. ಭಾವ ಸೋಫಾದಿಂದ ಏಳಲೂ ಇಲ್ಲ.

"ಒಂದು ನಂಬರಿಗೆ ಯಾಕಿಷ್ಟು ಬಾಯಿ ಬಡ್ಕೋತೀಯ? ನಂಬರ್ ಏನು ಅನ್ನ ಹಾಕುತ್ತಾ?"

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗು ಹಿಂಡುತ್ತಿದ್ದಳು. ಮೆಟ್ಟಿಲಿಳಿಯುವಾಗ ಟೇಪಕ್ಕನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತ್ತು. ಇವನಿಗೆ ನೀರು ಕುಡಿಸದಿದ್ದರೆ ನಾನು ಕತ್ತರಿ ಹಿಡಿಯುವವಳೇ ಅಲ್ಲ ಎಂದುಕೊಂಡಳು.

ಮೂರು ವರ್ಷ ಹಿಡಿಯಿತು. ಅರ್ಧ ಕಟ್ಟಿ ರಾಜಿ ಮಾಡಿಕೊಳ್ಳಿ ಎಂದಿತು ಫೈನಾನ್ಸ್ ಕಂಪನಿ. ರಾಜಿಯಾದರೆ ದಾಖಲೆಯಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ ಎಂದು ಬ್ಯಾಂಕಿನ ಅಧಿಕಾರಿ ಎಚ್ಚರಿಸಿದ್ದ. ಹಗಲೆಲ್ಲ ಹೊಲಿದು ಅವನ ಸಾಲವನ್ನು ಪೂರ್ತಿ ತೀರಿಸಿದಳು. ಬಾಕಿ ಇಲ್ಲವೆಂಬ ಪತ್ರ ಪಡೆದು, ದಾಖಲೆ ಸರಿಯಾಗುವವರೆಗೆ ಮೂರು ಸಲ ಅರ್ಜಿ ಬರೆದಳು. ಆಮೇಲೆ ಸ್ಕೋರು ಏರಲೆಂದೇ ಒಂದು ಇಸ್ತ್ರಿಪೆಟ್ಟಿಗೆಯನ್ನು ಕಂತಿನಲ್ಲಿ ಕೊಂಡು, ಪ್ರತಿ ಕಂತನ್ನೂ ಮೂರು ದಿನ ಮುಂಚೆಯೇ ಕಟ್ಟಿದಳು. ಪ್ರತಿ ಸಲವೂ ಮನಸ್ಸಿನಲ್ಲೇ, ಇರು ಮಗನೇ, ಎನ್ನುತ್ತಿದ್ದಳು. ಸ್ಕೋರು ಏರಿದಾಗಲೆಲ್ಲ ಬೀರುವಿನ ಬಾಗಿಲ ಒಳಮೈಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬರೆದಿಡುತ್ತಿದ್ದಳು. ಆರುನೂರ ಹತ್ತು. ಆರುನೂರ ತೊಂಬತ್ತು. ಕೊನೆಗೆ ಏಳುನೂರ ಎಪ್ಪತ್ತನಾಲ್ಕು. ಓವರ್‌ಲಾಕ್ ಮೆಷಿನ್ ಬಂತು. ಆದರೂ ಕಿಚ್ಚು ಆರಲಿಲ್ಲ.

ಒಂದು ದಿನ ಭಾವ ಹಲ್ಲು ಕಿರಿಯುತ್ತ ಅಂಗಡಿಗೆ ಬಂದ.

"ನಿನ್ನ ಸ್ಕೋರು ಭಾರಿ ಇದೆಯಂತೆ, ನಿಮ್ಮಕ್ಕ ಹೇಳಿದ್ಲು. ಒಂದು ವ್ಯಾನ್ ಮಾತಾಡಿದೀನಿ. ನಂಗೆ ಯಾರೂ ಸಾಲ ಕೊಡ್ತಿಲ್ಲ. ನೀನು ಜಾಮೀನು ನಿಂತ್ರೆ ಆಗುತ್ತೆ. ಇಪ್ಪತ್ತನೇ ತಾರೀಕು ನಾಲ್ಕು ಗಂಟೆಯೊಳಗೆ ಸಾಲ ಮಂಜೂರಾಗದಿದ್ರೆ ಅಡ್ವಾನ್ಸ್ ಮುಳುಗಿಹೋಗುತ್ತೆ ಕಣಮ್ಮ."

ಅಬ್ಬಾ, ಇವನ ಮುಖಕ್ಕೆ ನಾಚಿಕೆಯೇ ಇಲ್ಲ! ಟೇಪಕ್ಕ ಸೂಜಿಗೆ ದಾರ ಪೋಣಿಸಿಕೊಂಡಳು.

"ಸಹಿ ಹಾಕೋಣ ಬಿಡಿ ಭಾವ. ಈ ವಾರ ಯೂನಿಫಾರ್ಮ್ ಆರ್ಡರ್ ಜಾಸ್ತಿ. ಇಪ್ಪತ್ತನೇ ತಾರೀಕೇ ಹೋಗೋಣ."

ಇಪ್ಪತ್ತನೇ ತಾರೀಕು ಮೂರೂವರೆಗೆ ಇಬ್ಬರೂ ಅದೇ ಅಧಿಕಾರಿಯ ಮುಂದೆ ಕೂತಿದ್ದರು. ಭಾವ ಫೋನಿನಲ್ಲಿ ವ್ಯಾನಿನ ಬಣ್ಣದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ. ಟೇಪಕ್ಕ ಮಾತ್ರ ಪ್ರತಿ ಪುಟವನ್ನೂ, ಸಣ್ಣಕ್ಷರವನ್ನೂ ಬಿಡದೆ, ಬೆರಳಿಟ್ಟು ಓದಿದಳು. ಕೊನೆಯ ಪುಟದಲ್ಲಿ ನಿಧಾನವಾಗಿ, ದುಂಡಗೆ ಸಹಿ ಮಾಡಿ ಕಾಗದವನ್ನು ಮುಂದೆ ತಳ್ಳಿದಳು.

ಅಧಿಕಾರಿ ನೋಡಿ ಹೇಳಿದ: "ಅಮ್ಮ, ಇದು ಸಾಕ್ಷಿಯ ಜಾಗ. ಜಾಮೀನುದಾರರದು ಮೇಲಿದೆ, ಖಾಲಿ ಬಿಟ್ಟಿದೀರಿ."

"ಗೊತ್ತು ಸರ್. ನಮ್ಮ ಭಾವ ನಂಗೆ ಹೇಳಿಕೊಟ್ಟಿರೋದು ಸಾಕ್ಷಿ ಸಹಿ ಒಂದೇ."

ಭಾವನ ಕೈಯಿಂದ ಫೋನು ಮೇಜಿನ ಮೇಲೆ ಬಿತ್ತು. "ಏ, ತಮಾಷೆ ಸಾಕು. ಮೇಲೆ ಹಾಕು. ಬೇಗ!"

"ಹಾಕಲ್ಲ ಭಾವ."

ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ಇಷ್ಟು ಹೊತ್ತಿನಲ್ಲಿ ಬೇರೆ ಯಾರನ್ನು ಹಿಡಿದು ತರುತ್ತಾನೆ? ಬೈದ, ಅಕ್ಕನ ಆಣೆ ಹಾಕಿದ, ಕೊನೆಗೆ ಕೈಯನ್ನೂ ಮುಗಿದ.

"ನಿನಗೆ ಕರುಳು ಅನ್ನೋದೇ ಇಲ್ವಾ? ಮನೆಯವ್ರಲ್ವಾ ನಾವು?"

ಟೇಪಕ್ಕನ ಹೊಟ್ಟೆ ಮೂರು ವರ್ಷದ ಮೇಲೆ ತಣ್ಣಗಾಯಿತು. ಪೆನ್ನಿಗೆ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದಳು.

"ಮನೆಯವ್ರು ಅಂತಾನೇ ಭಾವ, ಸಾಕ್ಷಿ ಹಾಕಿದೀನಿ. ಬೇರೆಯವರಾಗಿದ್ರೆ ಅದನ್ನೂ ಹಾಕ್ತಿರಲಿಲ್ಲ."