ಗೊಂಬೆಯ ಮೇಲೆ ಕಲಿತ ಜ್ಞಾನಸ್ನಾನ

ಮಕ್ಕಳಿಗೆ ಏನು ಗೊತ್ತಾಗುತ್ತದೆ ಎಂದು ಯಾರಾದರೂ ಹಲ್ಲು ಕಿರಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹನ್ನೊಂದನೆಯ ವಯಸ್ಸಿಗೆ ನನಗೆ ಎಲ್ಲ ಗೊತ್ತಿತ್ತು. ಯಾರು ಸ್ವರ್ಗಕ್ಕೆ ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂಬುದು ನಮ್ಮ ಚಾಳಿನ ಒಂದೊಂದು ಬಾಗಿಲ ಲೆಕ್ಕದಲ್ಲಿ ಬಾಯಿಪಾಠವಾಗಿತ್ತು.

ಐವತ್ತರ ದಶಕದ ನಡುವಿನ ಮಾತು. ನಾವು ಊರು ಬಿಟ್ಟು ಮಹಾನಗರ ಸೇರಿದ ಮಂಗಳೂರು ಕಡೆಯ ಕೆಥೋಲಿಕರು. ಚೆಂಬೂರಿನ ಹತ್ತಿರ ಆಗಷ್ಟೇ ಎದ್ದಿದ್ದ ರಿಫೈನರಿಯಲ್ಲಿ ಅಪ್ಪ ಫಿಟ್ಟರ್. ಚಾಳಿನ ಮೇಲಂತಸ್ತಿನಲ್ಲಿ ನಮ್ಮದೊಂದೇ ಕೋಣೆಯ ಖೋಲಿ, ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಹಿಂದೂ ದಂಪತಿ. ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವರು, ಬೆಳಗ್ಗೆ ಹೋದರೆ ರಾತ್ರಿಯೇ ಬರುವುದು. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳ ಎಂಟು ತಿಂಗಳ ಮಗ ಶಾಲೆ ಬಿಟ್ಟ ಮೇಲೆ ಇರುತ್ತಿದ್ದದ್ದು ನನ್ನ ಸೊಂಟದ ಮೇಲೆಯೇ.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಹಿಂದಿನ ಕೋಣೆಯಲ್ಲಿ ನಮಗೆ ಧರ್ಮಪಾಠ. ಒಂದು ದಿನ ಟೀಚರಮ್ಮ ಒಂದು ಗೊಂಬೆ ತಂದರು. ನೆತ್ತಿಗೆ ನೀರು ಹೊಯ್ದು ಕ್ರೈಸ್ತರನ್ನಾಗಿಸುವ ಜ್ಞಾನಸ್ನಾನ ಆಗದ ಕೂಸು ಸತ್ತರೆ ಅದಕ್ಕೆ ದೇವರ ಮುಖ ಕಾಣುವ ಭಾಗ್ಯವಿಲ್ಲ ಎಂದರು. ಸಾವು ಹತ್ತಿರ ಬಂದು, ಪಾದ್ರಿಗಳನ್ನು ಕರೆಯಲು ಹೊತ್ತಿಲ್ಲದಿದ್ದರೆ ಯಾರು ಬೇಕಾದರೂ ಕೊಡಬಹುದು, ನೀವು ಕೂಡ. ನೀರು ಶುದ್ಧವಾಗಿರಬೇಕು, ನೆತ್ತಿಯ ಮೇಲೆ ಹರಿಯಬೇಕು, ಹರಿಯುವಾಗಲೇ ಪ್ರಾರ್ಥನೆಯ ಮಾತು ಒಂದಕ್ಷರ ತಪ್ಪದೆ ಹೇಳಬೇಕು. ನಾವೆಲ್ಲ ಸರದಿಯಲ್ಲಿ ಗೊಂಬೆಯ ತಲೆಗೆ ನೀರು ಹೊಯ್ದೆವು. ನನ್ನದು ಎಲ್ಲರಿಗಿಂತ ಚೆನ್ನಾಗಿತ್ತಂತೆ.

ಅವತ್ತಿನಿಂದ ನನ್ನ ಕಣ್ಣೇ ಬದಲಾಯಿತು. ನಲ್ಲಿಯ ಸಾಲಿನಲ್ಲಿ ನಿಂತ ಹೆಂಗಸರ ಕೂಸುಗಳನ್ನು ಇದು ಆದದ್ದು, ಇದು ಆಗದ್ದು ಎಂದು ವಿಂಗಡಿಸತೊಡಗಿದೆ. ಅಕ್ಕನ ಮಗನ ಕೆನ್ನೆಗೆ ಮುತ್ತು ಕೊಡುವಾಗಲೂ, ಜ್ಞಾನಸ್ನಾನದಿಂದ ಮಾತ್ರ ತೊಳೆದುಹೋಗುವ ಜನ್ಮಪಾಪ ಎಲ್ಲಿ ಮೆತ್ತಿಕೊಂಡಿದೆಯೋ ಎಂದು ಹುಡುಕುತ್ತಿದ್ದೆ. ಅಷ್ಟು ಚಂದದ ಮಗುವಿನಲ್ಲಿ ಕೊಳೆ ಹುಡುಕಲು ಕಲಿಸಿದವರನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮೇ ತಿಂಗಳಲ್ಲಿ ಮಗುವಿಗೆ ಜ್ವರ ಬಂತು. ಎರಡು ದಿನವಾದರೂ ಇಳಿಯಲಿಲ್ಲ. ಮೂರನೆಯ ಮಧ್ಯಾಹ್ನ ಅಕ್ಕ ಮಗುವನ್ನು ನನ್ನ ವಶಕ್ಕೆ ಕೊಟ್ಟು ಚಪ್ಪಲಿ ಮೆಟ್ಟಿದಳು.

"ಡಾಕ್ಟ್ರನ್ನು ಕರ್ಕೊಂಡು ಬರ್ತೇನೆ. ಇದರ ಕಣ್ಣು ಮೇಲೆ ಹೋದ್ರೆ ಕೂಡ್ಲೆ ನಿನ್ನ ಅಮ್ಮನನ್ನು ಕರಿ, ಆಯ್ತಾ? ಕಾಯ್ಬೇಡ."

ಅಮ್ಮ ಕೆಳಗೆ ಬಟ್ಟೆ ಒಗೆಯುತ್ತಿದ್ದಳು. ಗ್ಯಾಲರಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ.

ಅಕ್ಕ ಹೋಗಿ ಸ್ವಲ್ಪ ಹೊತ್ತಿಗೆ ಮಗುವಿನ ಕಣ್ಣು ಮೇಲೆ ಹೋಯಿತು. ಕೈಕಾಲು ಸೆಟೆದವು. ನಾನು ಕೂಗಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ನೀರು ಹುಡುಕಿದೆ. ತಾಮ್ರದ ಚೊಂಬಿನಲ್ಲಿ ನೀರಿತ್ತು, ಅದರಲ್ಲಿ ತುಳಸಿ ಎಲೆ ತೇಲುತ್ತಿತ್ತು. ತುಳಸಿ ಬಿದ್ದ ನೀರು ಶುದ್ಧವೋ ಅಲ್ಲವೋ? ಗೊಂಬೆಯ ಪಾಠದಲ್ಲಿ ಅದು ಬಂದಿರಲಿಲ್ಲ. ಚಾಪೆಯ ಮೇಲೆ ಮಗು ನಡುಗುತ್ತಿದ್ದಾಗ ನಾನು ನಮ್ಮ ಖೋಲಿಗೆ ಹೋಗಿ, ಲೋಟ ತೊಳೆದು, ನಮ್ಮ ಕೊಡದ ನೀರು ತಂದೆ. ಹೌದು, ಲೋಟ ತೊಳೆದೆ! ನೆತ್ತಿಗೆ ಹೊಯ್ಯುವಾಗ ಹೆದರಿಕೆಗೆ ಮಾತು ತಪ್ಪಿತು. ಪುನಃ ಮೊದಲಿನಿಂದ ಹೇಳಿ, ಪುನಃ ಹೊಯ್ದೆ. ಎಲ್ಲ ಸರಿಯಾಯಿತು ಎಂದು ಖಾತ್ರಿಯಾದ ಮೇಲೆ ಅಮ್ಮನನ್ನು ಕೂಗಿದೆ.

ಅಮ್ಮ ಎದ್ದುಬಿದ್ದು ಮೇಲೆ ಬಂದು, ಮಗುವನ್ನು ಮಗ್ಗುಲಿಗೆ ತಿರುಗಿಸಿ, ಅಂಗಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಮೈ ಒರೆಸಿದಳು. ಸೆಳೆತ ನಿಂತಿತು. ಅಷ್ಟರಲ್ಲಿ ಅಕ್ಕನ ಜೊತೆ ಬಂದ ಡಾಕ್ಟರು ಇಂಜೆಕ್ಷನ್ ಕೊಟ್ಟು, ತಲೆಗೆ ನೀರು ಹಾಕಿದವಳು ಜಾಣೆ ಎಂದರು. ಅಕ್ಕ ನನ್ನನ್ನು ಅಪ್ಪಿಕೊಂಡು ಅತ್ತಳು. ಮಗು ಗೆದ್ದುಕೊಂಡಿತು. ನನ್ನ ಮಗನನ್ನು ಉಳಿಸಿದ ಹುಡುಗಿ ಎಂದು ಅವಳು ಇಡೀ ಚಾಳಿಗೆ ಸಾರಿಕೊಂಡು ಬಂದಳು.

ಭಾನುವಾರ ಟೀಚರಮ್ಮನಿಗೆ ನಡೆದದ್ದನ್ನು ಹೇಳಿದೆ. ಅವರ ಕಣ್ಣು ತುಂಬಿತು. ಎಲ್ಲರೆದುರು ನಿಲ್ಲಿಸಿ ಮಾತೆಯ ಚಿತ್ರವೊಂದನ್ನು ಕೊಟ್ಟರು. ಮತ್ತೆ ಪಕ್ಕಕ್ಕೆ ಕರೆದು, "ಅವನು ಈಗ ನಮ್ಮವನು. ತಾಯಿಗೆ ಮಾತ್ರ ಹೇಳ್ಬೇಡ, ಮಗಳೇ" ಎಂದರು. ಆ ಮಗುವಿಗೆ ಜ್ವರ ಬಿಟ್ಟಿತೇ ಎಂದು ಕೇಳಲಿಲ್ಲ. ಸುಳ್ಳು ಹೇಳುವುದು ಪಾಪ ಎಂದು ಕಲಿಸಿದವರೂ ಅವರೇ. ಪುಣ್ಯದ ಕೆಲಸವಾದರೆ ಹೆತ್ತವಳಿಂದ ಯಾಕೆ ಮುಚ್ಚಿಡಬೇಕು? ಅವತ್ತು ಮೊದಲ ಸಲ ನನಗೆ ಅವರ ಮೇಲೆ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಸಂಜೆ ಅಕ್ಕನ ಖೋಲಿಯಲ್ಲಿ ಕೂತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲ ಹೇಳಿಬಿಟ್ಟೆ. ಜಾತಿ ಕೆಡಿಸಿದೆ ಎಂದು ಬೈಯುತ್ತಾಳೆ, ಹೊಡೆಯುತ್ತಾಳೆ, ಅಪ್ಪನವರೆಗೆ ದೂರು ಹೋಗುತ್ತದೆ ಎಂದು ಗಟ್ಟಿಯಾಗಿ ಕೂತಿದ್ದೆ. ಅಕ್ಕ ಅದ್ಯಾವುದನ್ನೂ ಎತ್ತಲಿಲ್ಲ.

"ನಿನ್ನ ಅಮ್ಮನನ್ನು ಕರೆದದ್ದು ಅದಕ್ಕಿಂತ ಮೊದ್ಲಾ, ಆಮೇಲಾ?"

"ಆಮೇಲೆ."

"ಅಷ್ಟು ಹೊತ್ತು ನನ್ನ ಮಗು ಹಾಗೇ ನಡುಗ್ತಾ ಇತ್ತಾ?"

ನಾನು ಹೌದೆಂದು ತಲೆಯಾಡಿಸಿದೆ. ಅಕ್ಕ ಬಗ್ಗಿ, ನನ್ನ ತೊಡೆಯಿಂದ ಮಗುವನ್ನು ಎತ್ತಿಕೊಂಡಳು.