ಮೊಳೆಬಾಯಿ ರಾಮೆನ್ ತಿಂದದ್ದು

ಬಾಯಲ್ಲಿ ನಲವತ್ತು ಮೊಳೆ ಇಟ್ಟುಕೊಂಡು ನಾದಿನಿಯ ಜೊತೆ ಜಗಳವಾಡಿ ಗೆದ್ದ ವೀರ ಈ ಭೂಮಂಡಲದಲ್ಲಿ ಒಬ್ಬನೇ. ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುತ್ತಿದ್ದ ಆತನನ್ನು ಬೀದಿಯೆಲ್ಲ ಮೊಳೆಬಾಯಿ ಎಂದೇ ಕರೆಯುತ್ತಿತ್ತು. ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಸುರಿದುಕೊಂಡನೆಂದರೆ ನಾಲಿಗೆ ಒಂದೊಂದನ್ನೇ ತಿರುಗಿಸಿ, ತಲೆ ಮುಂದಾಗಿ ತುಟಿಗೆ ತಂದು ಒಪ್ಪಿಸುತ್ತಿತ್ತು. ಆಯಸ್ಕಾಂತದ ಸುತ್ತಿಗೆ ಅದನ್ನು ಅಲ್ಲಿಂದಲೇ ಕಚ್ಚಿಕೊಂಡು ಠಕ್ಕೆಂದು ಬಡಿಯುತ್ತಿತ್ತು. ಆತ ಮೊಳೆ ನುಂಗಿ ಅರಗಿಸಿಕೊಳ್ಳುತ್ತಾನೆಂದು ಕೆಲವರು ಆಣೆಯಿಟ್ಟು ಹೇಳುತ್ತಿದ್ದರು. ಒಮ್ಮೆ ಸೀನಿದಾಗ ಎದುರು ಗೋಡೆಗೆ ಕ್ಯಾಲೆಂಡರ್ ಜಡಿದುಹೋಯಿತೆಂದು ಇನ್ನು ಕೆಲವರು.

ಆ ನಾಲಿಗೆಯ ಬಲ ಅಂಚಿನಲ್ಲಿ ಹುಣ್ಣೆದ್ದಾಗ ಮೊಳೆ ಚುಚ್ಚಿದೆ ಅಂದುಕೊಂಡ. ಈ ಕಸುಬಿನವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ಮೊಳೆಗಳನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ವರ್ಗ ಮಾಡಿದ್ದೇ ಹನ್ನೊಂದು ತಿಂಗಳ ಚಿಕಿತ್ಸೆ. ಡಾಕ್ಟರು ನೋಡಿ ಕ್ಯಾನ್ಸರ್ ಎನ್ನುವ ಹೊತ್ತಿಗೆ ಕಾಲ ಮಿಂಚಿತ್ತು. ನಾಳೆ ಬೆಳಿಗ್ಗೆ ನಾಲಿಗೆ ಪೂರ್ತಿ ತೆಗೆಯುವುದೆಂದು ತೀರ್ಮಾನವಾಯಿತು.

"ಇವತ್ತು ಏನು ತಿಂತೀರಿ?" ಹೆಂಡತಿ ಕೇಳಿದಳು.

"ರಾಮೆನ್."

ಬಿಸಿ ಸಾರಲ್ಲಿ ಮುಳುಗಿಸಿದ ಜಪಾನಿ ನೂಡಲ್ಸ್ ಮಾರುವ ಮೂಲೆಯ ರಾಮೆನ್ ಅಂಗಡಿಯ ಹನ್ನೆರಡು ಸ್ಟೂಲುಗಳಿಗೂ ಮೆತ್ತೆ ಹೊದಿಸಿದವನು ಆತನೇ. ಆದರೆ ಬೀದಿಯ ತಿರುವು ಮುಟ್ಟುವ ಆ ಸಾಲಿನಲ್ಲಿ ನಿಂತು ನೂಡಲ್ಸ್ ತಿನ್ನುವ ಪುರುಸೊತ್ತು ಎಂದೂ ಸಿಕ್ಕಿರಲಿಲ್ಲ.

ಗಂಡ ಹೆಂಡಿರು ಎರಡು ಗಂಟೆ ನಿಂತರು. ಕೊನೆಗೂ ಬಟ್ಟಲು ಬಂತು. ಹೊಗೆಯಾಡುವ ಸಾರು, ಮೇಲೆ ಎಣ್ಣೆಯ ಹೊಂಬಣ್ಣದ ಚುಕ್ಕೆಗಳು, ಅರ್ಧ ಮೊಟ್ಟೆ, ತಳದಲ್ಲಿ ಸುರುಳಿ ಸುತ್ತಿ ಮಲಗಿದ ಎಳೆಗಳು. ಒಂದೆಳೆ ನಾಲಿಗೆಗೆ ತಾಗಿದ್ದೇ ತಡ, ಕೆಂಡ ಇಟ್ಟಂತಾಯಿತು. ಆರಲಿ ಎಂದು ಬಟ್ಟಲನ್ನು ಪಕ್ಕಕ್ಕೆ ತಳ್ಳಿ ಕೂತ.

ಅಂಗಡಿಯಾತನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. "ಏನಣ್ಣ ಮೊಳೆಬಾಯಿ, ಪೂಜೆ ಮಾಡೋಕೆ ತಗೊಂಡ್ಯಾ? ಆರಿದ್ರೆ ಎಳೆ ಊದ್ಕೊಂಡು ಗೋಂದಾಗುತ್ತೆ. ಬಿಸಿ ಇದ್ದಾಗ ತಿನ್ನು, ಇಲ್ಲ ಜಾಗ ಬಿಡು!"

"ಮುಹೂರ್ತ ಕೂಡಿ ಬಂದಿಲ್ಲ ಅನ್ಸುತ್ತೆ!" ಸಾಲಿನಿಂದ ಯಾರೋ ಕೂಗಿದರು. ನಗು ಎದ್ದಿತು.

ಹೆಂಡತಿ ಎದ್ದು ನಿಂತಳು. "ನಾಳೆ ಇವರ ನಾಲಿಗೆ ಕತ್ತರಿಸ್ತಾರೆ ಕಣಪ್ಪ. ಹುಣ್ಣಿಗೆ ಬಿಸಿ ತಡ್ಕೊಳ್ಳೋಕಾಗಲ್ಲ. ಒಂದ್ಸಲ ರುಚಿ ನೋಡ್ಲಿ, ಬಿಡು."

ಹತ್ತು ಬಾಯಿಗಳ ಸೊರ್ ಸೊರ್ ಒಮ್ಮೆಲೇ ನಿಂತಿತು.

ಅಂಗಡಿಯಾತ ಬಟ್ಟಲನ್ನು ಎತ್ತಿಕೊಂಡು ಹೋದ. ಹೊಸ ಎಳೆ ಬೇಯಿಸಿದ, ತಣ್ಣೀರಲ್ಲಿ ಜಾಲಿಸಿದ, ಸಾರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತರದಿಂದ ಸುರಿದು ಸುರಿದು ಆರಿಸಿದ. ಆರಿದ್ದನ್ನು ಬಡಿಸುವುದಿಲ್ಲವೆಂಬ, ಮಂತ್ರಿ ಬಂದು ಕೂತರೂ ಸಡಿಲಿಸದ ಶಪಥವನ್ನು ಮುರಿದು, ಬಟ್ಟಲನ್ನು ಎರಡೂ ಕೈಯಲ್ಲಿ ತಂದಿಟ್ಟ.

ಮೊಳೆಬಾಯಿ ಒಂದೊಂದೇ ಎಳೆ ತಿಂದ. ಬಲಕ್ಕೆ ಉರಿ, ಎಡಕ್ಕೆ ರುಚಿ. ಕಣ್ಣಲ್ಲಿ ನೀರು ಎರಡೂ ಕಡೆ. ಕೊನೆಗೆ ಬಟ್ಟಲು ಬರಿದಾಯಿತು.

"ಹೇಗಿತ್ತಣ್ಣ?" ಅಂಗಡಿಯಾತ ಮುಂದಕ್ಕೆ ಬಾಗಿ ಕೇಳಿದ.

ಮೊಳೆಬಾಯಿ ಬಾಯಿ ಒರೆಸಿಕೊಂಡ.

"ಬಿಸಿ ಇದ್ದಿದ್ರೆ ಚೆನ್ನಾಗಿರ್ತಿತ್ತು."